ನೊಣದಕ್ಕನ ಹನ್ನೆರಡನೇ ತಲೆಮಾರು

ನಮ್ಮಕ್ಕನನ್ನು ಕೇರಿಯವರೆಲ್ಲ ನೊಣದಕ್ಕ ಅಂತಲೇ ಕರೆಯುವುದು. ಇಪ್ಪತ್ತಾರು ವರ್ಷ ಪ್ರಯೋಗಾಲಯದಲ್ಲಿ ಹಣ್ಣುನೊಣ ಸಾಕಿದವಳು. ಹತ್ತಿ ಬಿರಡೆಯ ಬಾಟಲಿ, ತಳದಲ್ಲಿ ಜೋಳದ ಹಿಟ್ಟಿನ ಗಂಜಿ, ಅಷ್ಟೇ ಅವಳ ಕೊಟ್ಟಿಗೆ. ಬೆನ್ನು ಅಲ್ಲೇ ಬಾಗಿತು.

ಅಲ್ಲಿ ಸಂಶೋಧನೆ ಮಾಡುವ ಹುಡುಗಿಯದು ಒಂದೇ ಹಟ. ಹತ್ತಿರದ ಎರಡು ಜಾತಿಯ ನೊಣಗಳು ನೋಡಲು ಅವಳಿ ಜವಳಿ. ಕೂಡುವಾಗ ಹೆಣ್ಣನ್ನು ಹಿಡಿಯಲು ಗಂಡಿಗಿರುವ ಕೊಕ್ಕೆ ಮಾತ್ರ ಬೇರೆ. ಉಳಿದ ಮೈಯೆಲ್ಲ ಹಾಗೇ ಇದ್ದರೂ ಕೊಕ್ಕೆಗೆ ಮಾತ್ರ ಬದಲಾಗುವ ಅವಸರ. ಅದನ್ನು ಬದಲಿಸಿದ ವಂಶವಾಹಿ ಯಾವುದು? ತಿಳಿಯಬೇಕಾದರೆ ಎರಡು ಜಾತಿ ಬೆರೆಸಿ, ಹುಟ್ಟಿದ ಹೆಣ್ಣುಗಳನ್ನು ಪ್ರತಿ ತಲೆಮಾರಿನಲ್ಲೂ ಒಂದೇ ಜಾತಿಯ ಗಂಡಿಗೆ ಕೊಡುತ್ತಾ ಹೋಗಬೇಕು; ಕೊನೆಗೆ ಇನ್ನೊಂದು ಜಾತಿಯದು ಉಳಿಯುವ ಚೂರಿನಲ್ಲೇ ಉತ್ತರ. ಹೆಣ್ಣು ಹುಟ್ಟಿದ ಎಂಟು ಗಂಟೆಯೊಳಗೆ ಬೇರೆ ಮಾಡದಿದ್ದರೆ ಒಡಹುಟ್ಟಿದವನೇ ಕೂಡಿಬಿಡುತ್ತಾನೆ, ತಳಿ ಕೆಡುತ್ತದೆ. ಆ ಬೇರ್ಪಡಿಸುವ ಕೆಲಸ ಅಕ್ಕನದು.

ಹನ್ನೆರಡನೇ ತಲೆಮಾರಿಗೆ ಅಕ್ಕ ಸೋತಿದ್ದಳು. ಬೆಳಿಗ್ಗೆ ಏಳಕ್ಕೆ ಬಾಟಲಿಯಲ್ಲಿದ್ದ ನೊಣಗಳನ್ನೆಲ್ಲ ತೆಗೆದು, ಹೊಸವು ಹುಟ್ಟಲೆಂದು ಕಾದು ಕೂತವಳಿಗೆ ಮಧ್ಯಾಹ್ನ ಜೊಂಪು ಹತ್ತಿ, ಎಚ್ಚರವಾದಾಗ ಸಂಜೆ ಐದು. ಆದರೂ ಹೊಸ ಹೆಣ್ಣುಗಳನ್ನು ಆರಿಸಿ ಗಂಡುಗಳ ಜೊತೆ ಬಿಟ್ಟು ಬಂದಳು. ನಾಲ್ಕನೇ ದಿನ ಹುಡುಗಿಯ ಮುಂದೆ ನಿಂತಳು.

"ಹನ್ನೆರಡನೇ ತಲೆಮಾರಿನ ಹೆಣ್ಣು ಬಿಟ್ಟ ಬಾಟಲಿ ಎಸೆದುಬಿಡವ್ವಾ. ಅವತ್ತು ತೂಕಡಿಸಿಬಿಟ್ಟೆ. ಹಳೇ ನೊಣ ತೆಗೆದು ಹತ್ತು ಗಂಟೆ ಕಳೆದಿತ್ತು."

ಹುಡುಗಿಯ ಮುಖ ಸುಣ್ಣವಾಯಿತು. "ಇನ್ನೆರಡು ತಿಂಗಳಿಗೆ ನನ್ನ ಅವಧಿ ಮುಗಿಯುತ್ತೆ ಅಕ್ಕಾ! ಮೊದಲಿಂದ ಶುರು ಮಾಡೋಕಾಗಲ್ಲ. ಸುಮ್ಮನಿದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನೊಣಕ್ಕೆ ಗೊತ್ತಲ್ಲವ್ವಾ. ನಾಳೆ ನಿನ್ನ ಲೆಕ್ಕಾಚಾರವೆಲ್ಲ ಆ ಕೆಟ್ಟ ತಳಿಯದೇ ಆಗುತ್ತೆ."

ಅದೇ ತಲೆಮಾರಿನದು ಎಲ್ಲಾದರೂ ಉಳಿದಿದೆಯೇ ಎಂದು ತೊಳೆಯಲು ಇಟ್ಟಿದ್ದ ಬಾಟಲಿಗಳನ್ನು ಇಬ್ಬರೂ ಜಾಲಾಡಿದರು. ಆ ಹೆಣ್ಣುಗಳು ಹುಟ್ಟಿದ ಬಾಟಲಿಯ ಗಾಜಿಗೆ ಒಳಗೆ ನೊಣ ಬಲಿಯುತ್ತಿದ್ದ, ಇನ್ನೂ ಒಡೆಯದ ಏಳು ಕೋಶಗಳು ಅಂಟಿಕೊಂಡಿದ್ದವು. ಅಕ್ಕ ಒದ್ದೆ ಕುಂಚದಿಂದ ಒಂದೊಂದನ್ನೇ ಬಿಡಿಸಿ ಬೇರೆ ಬೇರೆ ಕೊಳವೆಯಲ್ಲಿಟ್ಟಳು. "ಒಂಟಿ ಕೋಣೆಯಲ್ಲಿ ಹುಟ್ಟಲಿ. ಅಣ್ಣತಮ್ಮಂದಿರ ಕಾಟವಿಲ್ಲ."

ಎರಡು ದಿನಕ್ಕೆ ನಾಲ್ಕು ಗಂಡು ಹೊರಬಂದವು. ಎರಡು ಕೋಶ ಒಣಗಿದವು. ಕೊನೆಯದರಿಂದ ಬಿಳಿಚಿದ ಮೈಯ ಹೆಣ್ಣೊಂದು ತೆವಳಿತು.

"ಒಂದೇನಾ ಅಕ್ಕಾ?"

"ಸಾಕು. ನೂರು ಹಡೀತಾಳೆ." ಅಕ್ಕ ಸೊಂಟ ಹಿಡಿದುಕೊಂಡು ಗಂಡು ನೊಣ ತರಲು ಎದ್ದಳು. "ಅಷ್ಟನ್ನೂ ಮತ್ತೆ ಆರಿಸಬೇಕಾದವಳು ನಾನೇ."