ಪಕ್ಕದ ಕಾಗದದ ತೂತುಗಳು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಲೇಥ್ ಮೆಷಿನ್ ಹಿಡಿದವನು ನಾನು. ಇವತ್ತು ಘಾಜಿಯಾಬಾದಿನಲ್ಲಿ ನನ್ನದೇ ವರ್ಕ್‌ಶಾಪ್ ಇದೆ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಣ್ಣಳತೆಯಲ್ಲೇ ಹಿಡಿಯುತ್ತೇನೆ ಎಂದು ಮನೆಯಲ್ಲಿ ಆಗಾಗ ಹೇಳುವುದುಂಟು. ಆ ಮಾತೇ ನನ್ನ ಕುತ್ತಿಗೆಗೆ ಬಂತು.

ಮಗಳಿಗೆ ರೈಫಲ್ ಶೂಟಿಂಗ್ ಹುಚ್ಚು. ಭಾನುವಾರದ ಲೆಕ್ಕದ ಟ್ಯೂಷನ್ ಬಿಟ್ಟು ಗುರಿ ಹೊಡೆಯುವ ರೇಂಜಿಗೆ ಹೋಗುತ್ತೇನೆ ಎಂದು ಹಟ ಹಿಡಿದಳು. ಮಲಗಿಕೊಂಡು ಕಾಗದಕ್ಕೆ ತೂತು ಹೊಡೆಯುವುದರಲ್ಲಿ ಕಲಿಯುವುದೇನಿದೆ ಎಂದೆ. ನಿನ್ನ ಕಣ್ಣಳತೆ ಅಷ್ಟು ಚೆನ್ನಾಗಿದ್ದರೆ ಹೊಡೆದು ತೋರಿಸು ಎಂದಳು. ಪಂದ್ಯ ಕಟ್ಟಿದೆವು. ನನ್ನ ಐದೂ ಗುಂಡು ಕಪ್ಪು ವೃತ್ತದೊಳಗೆ ಬಿದ್ದರೆ ಟ್ಯೂಷನ್. ಒಂದು ತಪ್ಪಿದರೂ ಅವಳಿಗೆ ರೇಂಜು, ಪ್ರತಿ ವಾರ ಕರೆದುಕೊಂಡು ಹೋಗುವ ಕೆಲಸ ನನಗೆ.

ರೇಂಜಿಗೆ ಹೋದಾಗ ಅವಳ ಕೋಚ್ ಅಲ್ಲಿನದೇ ಒಂದು ರೈಫಲ್ ಕೊಟ್ಟರು. ಗುಂಡು ಪೆನ್ಸಿಲ್ ತುದಿಯಷ್ಟು. ಬೆಂಕಿಪೊಟ್ಟಣದಂಥ ಮ್ಯಾಗಜೀನಿಗೆ ಐದು ತುಂಬಿ ಕೆಳಗಿನಿಂದ ಒತ್ತಿದರೆ ಟಕ್ ಎಂದು ಕೂತಿತು. ಬೋಲ್ಟಿನ ಹಿಡಿಯನ್ನು ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಕೆಳಗೆ ಮಡಚಿದೆ. ಎಣ್ಣೆ ಹಾಕಿದ ಹೊಸ ಮೆಷಿನ್ನಿನ ಹಾಗೆ ನಯವಾಗಿ ಹೋಯಿತು. ಮಾಡಿದವನು ಕೆಲಸ ಬಲ್ಲವನು ಎಂದುಕೊಂಡೆ. ಭುಜಕ್ಕೆ ಒದೆಯುತ್ತದೆ ಎಂದು ಹಲ್ಲು ಕಚ್ಚಿದ್ದೆ. ಗುಂಡು ಹಾರಿದಾಗ ಯಾರೋ ಬೆರಳಲ್ಲಿ ತಟ್ಟಿದ ಹಾಗಾಯಿತು, ಅಷ್ಟೇ. ಪಕ್ಕದ ಚಾಪೆಯಲ್ಲಿ ಮಗಳೂ ತನ್ನ ಐದು ಹೊಡೆಯುತ್ತಿದ್ದಳು. ಕೊನೆಯ ಗುಂಡಿನ ಖಾಲಿ ಕೇಸು ಹಾರಿ ಬಿದ್ದಾಗ ನಾನು ಮನಸ್ಸಿನಲ್ಲೇ ಟ್ಯೂಷನ್ ಮೇಷ್ಟ್ರಿಗೆ ಫೋನ್ ಮಾಡಿಯಾಗಿತ್ತು.

ಕಾಗದಗಳು ಬಂದವು. ನನ್ನದು ಅಂಗಡಿಯಿಂದ ಈಗಷ್ಟೇ ತಂದಂತಿತ್ತು. ಮಗಳದರಲ್ಲಿ ಹತ್ತು ತೂತು! ಒಂಬತ್ತು ಕಪ್ಪಿನೊಳಗೆ, ಒಂದು ಹೊರಗೆ. ಚಾಪೆಯ ಮೇಲೆ ಓರೆಯಾಗಿ ಮಲಗಿ ನಾನು ಐದನ್ನೂ ಅವಳ ಗುರಿಗೇ ಹೊಡೆದಿದ್ದೆ.

ಬೇರೆಯವರ ಟಾರ್ಗೆಟ್ಟಿಗೆ ಬಿದ್ದದ್ದು ಸೊನ್ನೆ ಎಂದು ಕೋಚ್ ನಗು ತಡೆದುಕೊಂಡು ಹೇಳಿದರು. ನಾನು ಬಿಡಲಿಲ್ಲ. ತೂತು ನೇರವಾಗಿ ಬಿದ್ದಿದೆಯಲ್ಲ, ಯಾರ ಕಾಗದವಾದರೇನು ಎಂದು ವಾದ ಹೂಡಿದೆ.

“ಅಚ್ಛಾ ಪಪ್ಪಾ,” ಎಂದಳು ಮಗಳು, “ನೀನು ನಿನ್ನ ಗಿರಾಕಿಯ ಪೀಸ್ ಬಿಟ್ಟು ಪಕ್ಕದ ವರ್ಕ್‌ಶಾಪಿನ ಪೀಸಿಗೆ ತೂತು ಹಾಕಿದ್ರೆ ಅವ್ನು ಪೇಮೆಂಟ್ ಕೊಡ್ತಾನಾ?”

ವಾದ ಅಲ್ಲಿಗೆ ಮುಗಿಯಿತು.

ಹತ್ತು ತೂತಿನ ಆ ಕಾಗದ ಈಗ ನನ್ನ ಲೇಥಿನ ಮೇಲಿನ ಗೋಡೆಯಲ್ಲಿದೆ. ಭಾನುವಾರ ಬೆಳಗ್ಗೆ ಸ್ಕೂಟರ್ ಹೊರಗೆ ತೆಗೆಯುತ್ತೇನೆ, ಅವಳು ಹಿಂದೆ ಕೂರುತ್ತಾಳೆ. ಹೊರಗೆ ಬಿದ್ದ ಆ ಒಂದು ತೂತು ಯಾರದ್ದು ಎಂದು ರೇಂಜು ಬರುವವರೆಗೂ ಜಗಳ. ನನ್ನದಂತೂ ಅಲ್ಲ.