ಟಾರ್ಟೋಲಾಕ್ಕೆ ಒಂದು ದಿನದ ಪ್ರವಾಸ

ಕೋವಿಡ್ ಕಾಲದ ಪ್ರಯಾಣ ನಿರ್ಬಂಧಗಳೆಲ್ಲ ತೆರವಾದ ನಂತರದ ಚಳಿಗಾಲ. ಆಗ ನಾನು ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ ಇಮಿಗ್ರೇಷನ್ ವಕೀಲೆಯಾಗಿದ್ದೆ. ಸೀರೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳೇ ನನ್ನ ಆಫೀಸು. ಮನೆಯಲ್ಲಿ ಕೂತು ಕೂತು ಬೇಸತ್ತಿದ್ದ ನಮ್ಮ ಜನ ಬಿಸಿಲಿರುವ ಯಾವುದಾದರೂ ಊರಿಗೆ ಓಡಲು ಕಾಯುತ್ತಿದ್ದರು. ಗ್ರೀನ್ ಕಾರ್ಡ್ ಬರುವ ಮೊದಲು ಎಲ್ಲಿಗೆಲ್ಲ ಹೋಗಬಹುದು ಎಂದು ಕೇಳುವ ಕರೆಗಳೇ ದಿನವೂ ಹೆಚ್ಚು.

ವೆಸ್ಟ್ ವಿಂಡ್ಸರ್‌ನ ಗಿರೀಶ್ ಮಾತ್ರ ಕರೆ ಮಾಡದೆ ಖುದ್ದಾಗಿ ಬಂದ. ಹತ್ತನೆಯ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಬೆಂಗಳೂರಿನಿಂದ ಬಂದು ಇಲ್ಲೇ ಬೆಳೆದವನು, ಅಮೆರಿಕದ ಪ್ರಜೆ. ಹೆಂಡತಿ ವಾಣಿ ದಾವಣಗೆರೆಯವಳು. ಎಂ.ಎಸ್. ಓದಲು ಬಂದು, ಇವನನ್ನು ಮದುವೆಯಾಗಿ, ಓದು ಮುಗಿದ ಮೇಲೆ ಮನೆಯಲ್ಲಿದ್ದಳು. ಎರಡೂವರೆ ವರ್ಷದ ಮಗಳು ಇಶಾ. ಪ್ರಜೆಯ ಹೆಂಡತಿಯೆಂಬ ನೆಲೆಯಲ್ಲಿ ವಾಣಿಯ ಗ್ರೀನ್ ಕಾರ್ಡ್ ಅರ್ಜಿಯನ್ನು ನಾನೇ ಹಾಕಿದ್ದೆ. ಗಂಡ ಹೆಂಡತಿ ಇಬ್ಬರೂ ನನ್ನ ಕಕ್ಷಿದಾರರು.

ರಜೆಗೆ ಸೇಂಟ್ ಥಾಮಸ್‌ಗೆ ಹೋಗುವ ಯೋಚನೆ ಎಂದ. ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕಕ್ಕೇ ಸೇರಿದ ದ್ವೀಪ ಅದು. ಅಲ್ಲಿ ರಸ್ತೆಯ ಎಡಗಡೆ ಕಾರು ಓಡಿಸಬೇಕಂತೆ, ಹಿಂದೆ ಬೆಂಚು ಜೋಡಿಸಿದ ತೆರೆದ ಟ್ರಕ್ಕುಗಳೇ ಟ್ಯಾಕ್ಸಿಯಂತೆ, ಎಂದೆಲ್ಲ ಉತ್ಸಾಹದಿಂದ ಹೇಳಿದ. ವಾಣಿ ಅಲ್ಲಿಗೆ ಹೋಗಿಬರಲು ಅಡ್ಡಿಯಿಲ್ಲ, ಅದು ದೇಶದೊಳಗಿನ ಪ್ರಯಾಣವೇ ಎಂದೆ.

"ಆಂಟಿ, ಅಲ್ಲಿಂದ ಟಾರ್ಟೋಲಾಗೆ ಫೆರಿ ಇದೆ. ಡೇ ಟ್ರಿಪ್. ಅದೂ ಓಕೆನಾ?"

ಖಂಡಿತ ಕೂಡದು ಎಂದೆ. ಟಾರ್ಟೋಲಾ ಬ್ರಿಟಿಷರಿಗೆ ಸೇರಿದ್ದು. ಅರ್ಜಿ ಇತ್ಯರ್ಥವಾಗುವ ಮೊದಲು ದೇಶ ಬಿಟ್ಟು ಹೋಗಿಬರಲು ಅಡ್ವಾನ್ಸ್ ಪರೋಲ್ ಎಂಬ ಮುಂಗಡ ಅನುಮತಿ ಬೇಕು. ವಾಣಿಗೆ ಅದಿನ್ನೂ ಬಂದಿರಲಿಲ್ಲ. ಅದಿಲ್ಲದೆ ಗಡಿ ದಾಟಿದರೆ ಅರ್ಜಿಯನ್ನು ತಾನಾಗಿ ಕೈಬಿಟ್ಟಂತೆ.

ಆತ ಅಲ್ಲಿಗೇ ನಿಲ್ಲಿಸಲಿಲ್ಲ. ಹೋಗಿ ಮರಳುವಾಗ ಅರೆಸ್ಟ್ ಮಾಡುತ್ತಾರೋ, ಅದೇ ಫೆರಿಯಲ್ಲಿ ವಾಪಸ್ ಕಳಿಸುತ್ತಾರೋ? ಮಗು ಸಿಟಿಜನ್ ತಾನೆ, ಅವಳನ್ನು ತಡೆಯುವುದಿಲ್ಲವಲ್ಲ? ಒಂದೊಂದಕ್ಕೂ ಉತ್ತರ ಹೇಳಿದೆ. ಇಷ್ಟು ವಿಚಾರಿಸುವ ಗಂಡಂದಿರು ಅಪರೂಪ ಎಂದು ಮೆಚ್ಚಿ ಮಾತನ್ನೂ ಆಡಿದೆ. ಆತ ನಕ್ಕು, "ಜಸ್ಟ್ ಬೀಯಿಂಗ್ ಕೇರ್‌ಫುಲ್, ಆಂಟಿ" ಎಂದು ಕೈ ಮುಗಿದು ಹೋದ.

ಕೆಲವು ವಾರಗಳ ಮೇಲೆ ಒಂದು ಸೋಮವಾರ ಮಧ್ಯಾಹ್ನ ಊಟ ಮುಗಿಸಿ ಬಂದು ಆಫೀಸಿನ ಬಾಗಿಲು ತೆಗೆಯುವಷ್ಟರಲ್ಲಿ ಫೋನು ಬಂತು. ವಾಣಿ. ಟಾರ್ಟೋಲಾದ ಫೆರಿ ಕಟ್ಟೆಯ ಪಕ್ಕದ ಗೆಸ್ಟ್ ಹೌಸಿನಿಂದ.

ಹಿಂದಿನ ದಿನ ಮೂವರೂ ಫೆರಿಯಲ್ಲಿ ಹೋಗಿದ್ದರು. ಓದುವಾಗ ಕೊಟ್ಟ ಸ್ಟೂಡೆಂಟ್ ವೀಸಾದ ಅವಧಿ ಪಾಸ್‌ಪೋರ್ಟಿನಲ್ಲಿ ಇನ್ನೂ ಉಳಿದಿದ್ದರಿಂದ ಟಾರ್ಟೋಲಾದವರು ಒಳಗೆ ಬಿಟ್ಟರು. ಸಂಜೆ ಸೇಂಟ್ ಥಾಮಸ್‌ಗೆ ಮರಳಿದಾಗ ಅಮೆರಿಕದ ಅಧಿಕಾರಿ ವಾಣಿಯನ್ನು ಪಕ್ಕಕ್ಕೆ ನಿಲ್ಲಿಸಿದ. ಈಗ ಆಕೆ ವಿದ್ಯಾರ್ಥಿನಿಯಲ್ಲ, ಪರೋಲ್ ಇಲ್ಲ, ಒಳಗೆ ಬಿಡಲಾಗದು ಎಂದ. ನಿದ್ದೆ ಹೋಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ಗಿರೀಶ್ ಪ್ರಜೆಗಳ ಸಾಲಿನಲ್ಲಿ ದಾಟಿಹೋದ. ವಾಣಿಯನ್ನು ಕೊನೆಯ ಫೆರಿಯಲ್ಲಿ ಹಿಂದಕ್ಕೆ ಕಳಿಸಿದರು.

"ನಾನು ಲಾಯರ್ ಹತ್ರ ಮಾತಾಡ್ತೀನಿ, ನೀನು ಹೆದರಬೇಡ ಅಂದ್ರು ಮೇಡಂ. ಆಮೇಲೆ ಫೋನೇ ಎತ್ತುತಾ ಇಲ್ಲ. ಪಾಪ, ಮಗೂನ ಹಿಡ್ಕಂಡು ಎಷ್ಟು ಒದ್ದಾಡ್ತಿದಾರೋ. ನಿಮಗೆ ಮಾಡಿದ್ರಾ?"

ಮಾಡಿಲ್ಲ ಎಂದೆ. ಯಾಕೆ ಹೋದೆಯಮ್ಮ, ಕೂಡದು ಎಂದು ಹೇಳಿದ್ದೆನಲ್ಲ ಎಂದೂ ಕೇಳಿದೆ.

ಆಕೆಗೆ ಅರ್ಥವಾಗಲಿಲ್ಲ. "ಇಲ್ಲ ಮೇಡಂ, ಲಾಯರ್‌ನ ಕೇಳ್ಕಂಡೇ ಬಂದಿದೀನಿ, ಓಕೆ ಅಂದಿದಾರೆ ಅಂತ ಅವರೇ ಹೇಳಿದ್ರಲ್ಲ."

ಮೊದಲು ಗಿರೀಶನ ಮಾತು ಕೇಳೋಣ ಎಂದು ಆಕೆಯ ಕರೆ ಮುಗಿಸಿ ಆತನಿಗೆ ಫೋನ್ ಮಾಡಿದೆ. ನನ್ನದನ್ನು ಎತ್ತಿದ. ಹಿಂದೆ ನಮ್ಮ ನ್ಯೂಜೆರ್ಸಿಯ ನೆವಾರ್ಕ್ ವಿಮಾನ ನಿಲ್ದಾಣದ ಪ್ರಕಟಣೆ ಕೇಳುತ್ತಿತ್ತು. ಬೆಳಗಿನ ಮೊದಲ ವಿಮಾನಕ್ಕೇ ಹೊರಟು ಆಗಲೇ ಬಂದಿಳಿದಿದ್ದ.

"ನಾನೇನು ಅವಳನ್ನ ತಳ್ಳಿದ್ನಾ ಆಂಟಿ? ಅವಳೇ ಬೋಟ್ ಹತ್ತಿದಳು. ಏನಾಗುತ್ತೆ ಅಂತ ನೀವೇ ಹೇಳಿದ್ರಿ. ಎಕ್ಸಾಕ್ಟ್ಲಿ ಹಾಗೇ ಆಯ್ತು." ಅವನ ದನಿ ಒಂದಿಷ್ಟೂ ಏರಲಿಲ್ಲ. "ಡಿವೋರ್ಸ್ ಅಂದ್ರೆ ಇಲ್ಲಿ ವರ್ಷಗಟ್ಟಲೆ ಎಳೀತಾರೆ. ಕಸ್ಟಡಿ ಬೇರೆ. ಅವಳ ಗ್ರೀನ್ ಕಾರ್ಡ್ ಪಿಟಿಷನ್ ವಿತ್‌ಡ್ರಾ ಮಾಡ್ಬೇಕಿತ್ತು, ಯಾವಾಗ ಬರಲಿ?"

ನಾನು ಫೋನ್ ಇಟ್ಟೆ.

ಇಬ್ಬರು ಕಕ್ಷಿದಾರರಿಗೆ ಒಬ್ಬರೇ ವಕೀಲರಿದ್ದಾಗ ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡುವಂತಿಲ್ಲ. ಇಬ್ಬರೂ ಎದುರಾಳಿಗಳಾದರೆ ಇಬ್ಬರ ಕೇಸನ್ನೂ ಬಿಡಬೇಕು. ಇದು ನಮ್ಮ ವೃತ್ತಿಯ ನಿಯಮ. ಅಂದರೆ ವಾಣಿಗೆ ಎಲ್ಲವನ್ನೂ ಹೇಳಿ, ಇನ್ನು ನಾನು ನಿನ್ನ ವಕೀಲೆಯಲ್ಲ ಎಂದೂ ಹೇಳಬೇಕಿತ್ತು. ಅದೂ ಯಾರೂ ಪರಿಚಯವಿಲ್ಲದ ದ್ವೀಪದಲ್ಲಿ ಕೈಚೀಲವೊಂದನ್ನೇ ಇಟ್ಟುಕೊಂಡು, ಗಂಡ ತನಗಾಗಿ ಓಡಾಡುತ್ತಿದ್ದಾನೆಂದು ನಂಬಿ ಕುಳಿತವಳಿಗೆ.

ಮತ್ತೆ ಕರೆ ಮಾಡಿ ಹೇಳಿದೆ. ಆತ ಕೇಳಿದ ಪ್ರಶ್ನೆಗಳನ್ನು ಒಂದೂ ಬಿಡದೆ ಹೇಳಿದೆ. ಆಕೆ ಅಳಲಿಲ್ಲ. ಕೇಳಿದಳು:

"ಬೋಟಲ್ಲಿ ನಂದು ಫೋಟೊ ತೆಗೆದ್ರು ಮೇಡಂ. ಚೆನ್ನಾಗಿ ನಗು, ಚೆನ್ನಾಗಿ ನಗು ಅಂತ ಎರಡು ಸಲ ಹೇಳಿ ತೆಗೆದ್ರು. ಅದೂ ಇದಕ್ಕೇನಾ?"

ಇದಕ್ಕೇ ಆಗಿತ್ತು. ಹೆಂಡತಿ ಸಂತೋಷದಿಂದ ತಾನಾಗಿ ದೇಶ ಬಿಟ್ಟು ಹೋದಳು ಎಂದು ವಾದಿಸಿ ಆತ ಕೋರ್ಟಿಗೆ ಸಲ್ಲಿಸಿದ ದಾಖಲೆಗಳಲ್ಲಿ ಆ ಫೋಟೊ ಮೊದಲನೆಯದು.

ಅದೇ ದಿನ ನಂಬಿಕಸ್ಥ ವಕೀಲರೊಬ್ಬರಿಗೆ ವಾಣಿಯನ್ನು ಒಪ್ಪಿಸಿದೆ. ದಾವಣಗೆರೆಯಿಂದ ಅಣ್ಣ ಟಿಕೆಟ್ ಕಳಿಸಿದ. ಅಮೆರಿಕವನ್ನು ಮುಟ್ಟದ ವಿಮಾನಗಳನ್ನು ಹುಡುಕಿ ಹತ್ತಿ ಆಕೆ ಊರು ಸೇರಿದಳು. ಅಲ್ಲಿಂದಲೇ ಮಗುವಿಗಾಗಿ ದಾವೆ ಹೂಡಿದಳು. ಸಂಗಾತಿಯ ಕ್ರೌರ್ಯಕ್ಕೆ ಒಳಗಾದವರು ತಮ್ಮ ಹೆಸರಿನಲ್ಲೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದಾದ ದಾರಿ ಕಾನೂನಿನಲ್ಲಿದೆ. ಹೊಸ ವಕೀಲರು ಅದನ್ನೂ ಹಿಡಿದರು. ವಿಚಾರಣೆಗೆ ಹಾಜರಾಗಲು ಆಕೆಗೆ ವಿಶೇಷ ಅನುಮತಿ ಸಿಗುವ ಹೊತ್ತಿಗೆ ಎರಡು ವರ್ಷದ ಮೇಲಾಗಿತ್ತು. ಅಷ್ಟು ದಿನವೂ ವಾರಕ್ಕೊಮ್ಮೆ ವಿಡಿಯೋದಲ್ಲಿ ಮಗಳನ್ನು ನೋಡಲು ಮಾತ್ರ ಕೋರ್ಟು ಅವಕಾಶ ಕೊಟ್ಟಿತ್ತು. ಅದರಲ್ಲೂ ಎಷ್ಟೋ ವಾರ ಆ ಕಡೆ ಯಾರೂ ಎತ್ತುತ್ತಿರಲಿಲ್ಲ.

ನಾನು ಸಾಕ್ಷಿಯಾಗಿ ಹೋದೆ. ಗಿರೀಶ್ ನನ್ನ ಆಫೀಸಿನಲ್ಲಿ ಏನೇನು ಕೇಳಿದ್ದ ಎಂದು ನ್ಯಾಯಾಧೀಶರಿಗೆ ಹೇಳಿದೆ. ನಾನು ಮಾತಾಡುವಷ್ಟು ಹೊತ್ತೂ ಆತ ನನ್ನನ್ನೇ ನೋಡುತ್ತಿದ್ದ, ಮುಖದಲ್ಲಿ ಅದೇ ವಿನಯ. ಮಗಳನ್ನು ವಾರದಲ್ಲಿ ಅರ್ಧ ತಾಯಿಯ ಬಳಿ, ಅರ್ಧ ತಂದೆಯ ಬಳಿ ಬಿಡಬೇಕೆಂದು ಆದೇಶವಾಯಿತು. ಆತನಿಗೆ ಶಿಕ್ಷೆ ಎಂಬುದೇನೂ ಆಗಲಿಲ್ಲ. ಹೆಂಡತಿಯನ್ನು ಫೆರಿ ಹತ್ತಿಸುವುದು ಯಾವ ಕಾನೂನಿನಲ್ಲೂ ಅಪರಾಧವಲ್ಲ.

ಕೋರ್ಟಿನ ಮೊಗಸಾಲೆಯಲ್ಲಿ ಅಜ್ಜಿ, ಗಿರೀಶನ ತಾಯಿ, ಇಶಾಳನ್ನು ಕರೆತಂದರು. ವಾಣಿ ನೆಲದ ಮೇಲೆ ಮಂಡಿಯೂರಿ ಎರಡೂ ಕೈ ಚಾಚಿದಳು. ಮಗು ಅಜ್ಜಿಯ ಕೋಟಿನ ಹಿಂದೆ ಸರಿದು, ಇಣುಕಿ ನೋಡಿ, ಮೆಲ್ಲಗೆ ಕೇಳಿತು:

"ಈಸ್ ಶೀ ದ ಐಪ್ಯಾಡ್ ಲೇಡಿ?"

ವಾಣಿ ಚಾಚಿದ ಕೈಗಳನ್ನು ಹಿಂದೆ ತೆಗೆದುಕೊಳ್ಳಲಿಲ್ಲ. "ಯೆಸ್" ಎಂದಳು.

ಈಗ ಆಕೆ ತನ್ನದೇ ಅರ್ಜಿಯ ಬಲದ ಮೇಲೆ ಇಲ್ಲೇ ಉಳಿದು, ನ್ಯೂಜೆರ್ಸಿಯದೇ ಹ್ಯಾರಿಸನ್‌ನಲ್ಲಿ ಮನೆ ಮಾಡಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಮಗಳು ಹತ್ತಿರವಾಗಿದ್ದಾಳೋ ಇಲ್ಲವೋ ಎಂದು ನಾನು ಕೇಳಿಲ್ಲ.

ನಾನು ಮಾತ್ರ ಒಂದು ಪದ್ಧತಿ ಬದಲಿಸಿಕೊಂಡೆ. ದಂಪತಿಗಳ ಕೇಸು ಬಂದರೆ ಹೆಂಡತಿಯನ್ನು ಒಬ್ಬಳನ್ನೇ ಕೂರಿಸಿಕೊಂಡು, ಆಕೆಯ ಭಾಷೆಯಲ್ಲಿ, ಎಲ್ಲಿಗೆ ಹೋಗಬಹುದು, ಎಲ್ಲಿಗೆ ಕೂಡದು ಎಂದು ನಾನೇ ಹೇಳುತ್ತೇನೆ. ಕಾಳಜಿಯವನೂ ಕಟುಕನೂ ಕೇಳುವ ಪ್ರಶ್ನೆಗಳು ಒಂದೇ ಆಗಿರಬಹುದು, ಮುಖ ನೋಡಿ ಗೊತ್ತಾಗುವುದಿಲ್ಲ. ಇದರಿಂದ ಅವಮಾನವಾಯಿತೆಂದು ಎದ್ದುಹೋದ ಗಂಡಂದಿರೂ ಇದ್ದಾರೆ. ಹೋಗಲೆಂದು ಬಿಡುತ್ತೇನೆ, ಹೆಂಡತಿಯ ಕೈಗೆ ನನ್ನ ನಂಬರು ಕೊಟ್ಟ ಮೇಲೆ.