ತಾತನ ಪಟದ ಹಿಂದಿನ ಸಂಸಾರ

ನಮ್ಮ ಮನೆತನದಲ್ಲಿ ಹಿರಿಯರ ಮೇಲೆ ಭಕ್ತಿ ಜಾಸ್ತಿ. ತಾತ ತೀರಿಕೊಂಡ ವರ್ಷವೇ ಅವರ ಬೆಳ್ಳಿ ಗುಂಡಿಯ ಕೋಟು ಬಳ್ಳಾರಿಯ ಚಿಕ್ಕಪ್ಪನ ಮನೆ ಸೇರಿತು, ಹಿತ್ತಾಳೆಯ ಎಲೆಯಡಿಕೆ ಡಬ್ಬಿ ಕುರುಗೋಡಿನ ಅತ್ತೆಯ ಮನೆ ಸೇರಿತು. ಸಿರುಗುಪ್ಪದ ಮನೆಯಲ್ಲಿ ಅಜ್ಜಿಯ ಪಾಲಿಗೆ ಉಳಿದದ್ದು ಪಡಸಾಲೆಯ ಗೋಡೆಯ ಮೇಲಿನ ಒಂದು ಪಟ. ತಾತ ಜೀವಮಾನದಲ್ಲಿ ತೆಗೆಸಿಕೊಂಡ ಫೋಟೊ ಅದೊಂದೇ. ಎಪ್ಪತ್ತರ ದಶಕದ ಒಂದು ಮಾಘದಲ್ಲಿ ಚಿಕ್ಕಪ್ಪ ಅದಕ್ಕೂ ಬಂದ.

ಬಳ್ಳಾರಿಯಲ್ಲಿ ಹೊಸ ಮನೆ ಕಟ್ಟಿಸಿದ್ದ. ಗೃಹಪ್ರವೇಶಕ್ಕೆ ಅಪ್ಪನ ಪಟ ಬೇಕಿತ್ತು. ಅಪ್ಪ ಬದುಕಿದ್ದಾಗ ಹೊಸ ಅಕ್ಕಿ ಮನೆಗೆ ಬಂದ ವಾರ ಮಾತ್ರ ಅವನಿಗೆ ಅಪ್ಪ ನೆನಪಾಗುತ್ತಿದ್ದದ್ದು.

"ಹೋದದ್ದು ಯಾವುದೂ ವಾಪಸ್ ಬಂದಿಲ್ಲ" ಎಂದು ಅಜ್ಜಿ ನನ್ನ ಹತ್ತಿರ ಗೊಣಗಿದಳು. ಮಗನಿಗೆ ಹೇಳಿದ್ದು ಬೇರೆ:

"ಪಟದ ಹಿಂದ ಗುಬ್ಬಿ ತತ್ತಿ ಇಟ್ಟಾವಪ್ಪ. ಮರಿ ಹಾರೋತನಕ ಮುಟ್ಟಂಗಿಲ್ಲ."

ಅದು ನಿಜ. ದಾರ ಕಟ್ಟಿ ಮುಂದಕ್ಕೆ ವಾಲಿಸಿ ತೂಗುಹಾಕಿದ ಪಟದ ಹಿಂದೆ, ಊರ ಅಕ್ಕಿ ಗಿರಣಿಯ ಕಾಳು ತಿಂದು ಕೊಬ್ಬಿದ ಗುಬ್ಬಿ ಜೋಡಿಯೊಂದು ಹುಲ್ಲು ತುರುಕಿತ್ತು. ಹಿಂದಿನ ವರ್ಷ ಸಂಡಿಗೆಗೆ ಬಾಯಿ ಹಾಕಿದ ಗುಬ್ಬಿಗಳನ್ನು ಕೋಲು ಹಿಡಿದು ಮಾಳಿಗೆಯ ತುಂಬಾ ಅಟ್ಟಾಡಿಸಿದ್ದ ಅಜ್ಜಿಗೆ ಈ ವರ್ಷ ಜೀವದಯೆ ಹುಟ್ಟಿತ್ತು.

"ಗುಬ್ಬಿ ಸಲುವಾಗಿ ಹೆತ್ತ ಮಗನ್ನ ಬರಿಗೈಲೆ ಕಳಸ್ತೀಯೇನಬೇ?"

"ಬರಿಗೈಲೆ ಯಾಕ? ಅಕ್ಕಿ ಒಯ್ಯಿ."

ಚಿಕ್ಕಪ್ಪ ಅಕ್ಕಿ ಒಯ್ದ. ಮುಂದಿನ ಭಾನುವಾರ ಮೊದಲ ಬಸ್ಸಿಗೇ ಬಂದು ಸ್ಟೂಲು ಹತ್ತಿ ಇಣುಕಿದ. ಅದರ ಮುಂದಿನ ಭಾನುವಾರವೂ ಬಂದ. ಇಣುಕುವುದು ಎರಡು ನಿಮಿಷದ ಕೆಲಸ. ಉಳಿದ ಹೊತ್ತು ಮಾಳಿಗೆಯ ಬಿಸಿಲಿನಲ್ಲಿ ಕಂಬಳಿ ಹಾಸಿ ಕೂತು ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ ಮುಗಿಸುತ್ತಿದ್ದ. ಭಾನುವಾರ ಕಾಲೇಜಿಲ್ಲದ ನಾನೂ ಪಕ್ಕದಲ್ಲಿರುತ್ತಿದ್ದೆ. ಅಜ್ಜಿ ಟ್ರಂಕಿನ ಹಳೆಯ ಸೀರೆ, ಶಾಲು ಬಿಸಿಲಿಗೆ ಹರಡಿ, ಚಿಕ್ಕಪ್ಪನ ಕಣ್ಣು ಯಾವುದರ ಮೇಲೆ ನಿಲ್ಲುತ್ತದೆಂದು ಕಾಯುತ್ತಿದ್ದಳು. ತಾಯಿ ಮಗ ಅಷ್ಟು ಹೊತ್ತು ಒಟ್ಟಿಗೆ ಕೂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಆ ಪುಣ್ಯ ಗುಬ್ಬಿಗಳದ್ದು.

ಶಿವರಾತ್ರಿ ಹತ್ತಿರವಾಯಿತು, ಬೆಳಗಿನ ಚಳಿಯ ಹಲ್ಲು ಉದುರಿತು. ಒಂದು ಭಾನುವಾರ ಚಿಕ್ಕಪ್ಪ ಇಣುಕಿದಾಗ ಗೂಡು ಖಾಲಿ. ಅಜ್ಜಿ ಅಡುಗೆಮನೆಯಿಂದ ಬರುವಷ್ಟರಲ್ಲಿ ಪಟ ಅವನ ಕೈಯಲ್ಲಿತ್ತು.

"ಒರಸಬ್ಯಾಡ ಲೇ!"

ಚಿಕ್ಕಪ್ಪ ಆಗಲೇ ಪಂಚೆಯ ಚುಂಗು ಒದ್ದೆ ಮಾಡಿ ಒರೆಸುತ್ತಿದ್ದ. ನಮ್ಮಲ್ಲಿ ಹಿರಿಯರ ಪಟಕ್ಕೆ ದಿನವೂ ವಿಭೂತಿ ಹಚ್ಚಬೇಕು. ಹಣೆ ಇರುವಲ್ಲಿ ಗಾಜು ಬಿರುಕು ಬಿಟ್ಟಿತ್ತು. ಗಾಜು ಬದಲಿಸುವುದು ಭಕ್ತಿಯ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಯಾರೂ ಬದಲಿಸಲಿಲ್ಲ. ನೀರಲ್ಲಿ ತೇಯ್ದ ವಿಭೂತಿಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ. ಒಣಗಿದ ಬೂದಿಯ ಪದರ ಏಳುತ್ತಿದ್ದಂತೆ ಒಳಗಿನ ಚಿತ್ರ ಕಂಡಿತು. ಕುರ್ಚಿ ಇತ್ತು, ಕೋಟು ಇತ್ತು, ಊರುಗೋಲಿನ ಮೇಲೆ ಎರಡು ಕೈಗಳಿದ್ದವು. ಮುಖ ಇರಲಿಲ್ಲ. ಅಲ್ಲಿದ್ದದ್ದು ಬಿರುಕಿನಿಂದ ಇಳಿದ ನೀರಿನ, ಚಹಾ ಚೆಲ್ಲಿದಂಥ ಕಲೆ.

ಚಿಕ್ಕಪ್ಪ ಚುಂಗು ಕೈಬಿಟ್ಟ.

"ನನಗ ಗೊತ್ತಿತ್ತು," ಎಂದಳು ಅಜ್ಜಿ. "ಎರಡು ವರ್ಷ ಆತು."

"ಮತ್ತ ಹೇಳಬಾರದೇನು?"

"ಹೇಳಿದ್ರ ಏನ್ ಮಾಡ್ತಿದ್ರಿ? ಕೆಟ್ಟೈತಿ ಅಂತ ಅಟ್ಟಕ್ಕ ಎಸೀತಿದ್ರಿ. ನನಗ ಇನ್ನೇನೈತಿ ನೋಡಾಕ?"

ಚಿಕ್ಕಪ್ಪ ಪಟವನ್ನು ಬೆಳಕಿಗೆ ಹಿಡಿದ, ತಿರುಗಿಸಿದ, ಮತ್ತೆ ನೋಡಿದ. ಮುಖವಿಲ್ಲದ ಅಪ್ಪನನ್ನು ಗೃಹಪ್ರವೇಶಕ್ಕೆ ಬರುವ ಕಚೇರಿಯವರಿಗೆ ತೋರಿಸುವುದು ಹೇಗೆ?

"ಮುಖ ಬೇಕಂದ್ರ ಕನ್ನಡ್ಯಾಗ ನೋಡ್ಕೋ," ಎಂದಳು ಅಜ್ಜಿ. "ಅವರ ಮೂಗು ನಿನಗೇ ಬಂದೈತಿ. ಅದನ್ನೂ ಕೇಳ್ದಂಗ ಒಯ್ದೀದಿ."

ಚಿಕ್ಕಪ್ಪ ನಗಲಿಲ್ಲ. ಸ್ಟೂಲು ಹತ್ತಿ ಪಟವನ್ನು ಅದೇ ಮೊಳೆಗೆ ಹಾಕಿದ. ಇಳಿದು ಮೂಗು ಒರೆಸಿಕೊಂಡ. ನೆಗಡಿ ಎಂದ.